ಸಣ್ಣ ಬೈಕು, ದೊಡ್ಡ ಬೆಟ್ಟ

ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಕಾಲೇಜು ಓದಿದ ಯಾರನ್ನೇ ಕೇಳಿ, ಅವರ ಹತ್ತಿರ ಯೆಜ್ಡಿ ಬೈಕಿನ ಒಂದು ಕಥೆ ಇದ್ದೇ ಇರುತ್ತದೆ. ಗೇರ್ ಹಾಕುವ ಲಿವರನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯಬೇಕಾಗಿದ್ದ ಆ ವಿಚಿತ್ರ ಗಾಡಿ ತಯಾರಾಗುತ್ತಿದ್ದುದು ನಮ್ಮದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ೧೯೬೧ರಲ್ಲಿ ಶುರುವಾದ ಕಾರ್ಖಾನೆ ೧೯೯೬ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ನಾನು ಅಮೆರಿಕಾಕ್ಕೆ ಬಂದು, ಬೈಕು ಬಿಟ್ಟು, ಕ್ಯಾಮ್ರಿ ಕೊಂಡು, ಲಾಸ್ ಏಂಜಲೀಸ್‌ನ ಫ್ರೀವೇಗಳಲ್ಲಿ ಬಂಪರಿಗೆ ಬಂಪರ್ ತಾಗಿಸಿಕೊಂಡು ಕೂರುವ ಸಭ್ಯ ಗೃಹಸ್ಥನಾಗಿದ್ದೆ.

ಹೀಗಿರುವಾಗ ೨೦೨೧ರಲ್ಲಿ, ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದ ಮಗ ಒಂದು ಭಾನುವಾರ ಫೋನ್ ಮಾಡಿ, "ಅಪ್ಪಾ, ನಾನು ಮೋಟಾರ್‌ಸೈಕಲ್ ತಗೋಬೇಕು ಅಂತಿದ್ದೀನಿ" ಎಂದ. ಯಾವುದಪ್ಪಾ ಎಂದರೆ ೧೦೦೦ ಸಿಸಿಯ ಸ್ಪೋರ್ಟ್ಸ್ ಬೈಕು! ಫೋನ್ ಸ್ಪೀಕರಿನಲ್ಲಿತ್ತು. ನನ್ನವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಅವಳ ಭಯಕ್ಕೆ ಕಾರಣವಿತ್ತು. ಅವಳ ದೊಡ್ಡಣ್ಣ ಮಂಡ್ಯದ ಹತ್ತಿರ ಸ್ಕೂಟರಿನಿಂದ ಬಿದ್ದಾಗ ತಲೆಗೆ ಹೆಲ್ಮೆಟ್ ಇರಲಿಲ್ಲ. ಅವರ ಫೋಟೋ ಇವತ್ತಿಗೂ ನಮ್ಮ ದೇವರ ಮನೆಯ ಪಕ್ಕದ ಗೋಡೆಯ ಮೇಲಿದೆ. ಅಂಥವಳ ಮುಂದೆ ಬೈಕಿನ ಮಾತೆತ್ತುವುದು ಸುಲಭವಲ್ಲ. ಬೇಡ ಎಂದರೆ ಇಪ್ಪತ್ತು ವರ್ಷದ ಹುಡುಗ ನಮಗೆ ಹೇಳದೆಯೇ ಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು. ನಾನೂ ನಮ್ಮಪ್ಪನಿಗೆ ಹೇಳದೆಯೇ ಬಾಬಾಬುಡನ್‌ಗಿರಿ ಹತ್ತಿದವನಲ್ಲವೇ?

ಕೊನೆಗೆ ಒಂದು ಒಪ್ಪಂದವಾಯಿತು. ದೊಡ್ಡ ಬೈಕು ಬೇಡ, ಸಣ್ಣದು ಸಾಕು. ಫ್ರೀವೇ ಬೇಡ, ಬೆಟ್ಟದ ಮಣ್ಣುರಸ್ತೆ ಇರಲಿ. ಒಬ್ಬನೇ ಹೋಗಕೂಡದು, ಅಪ್ಪನೂ ಜೊತೆಗಿರಬೇಕು. ಕೊನೆಯ ಷರತ್ತು ಹಾಕಿದವಳು ನನ್ನವಳೇ. ನಾನು ಒಲ್ಲದ ಮನಸ್ಸಿನಿಂದ ಒಪ್ಪಿದಂತೆ ಮುಖ ಮಾಡಿದೆ!

ಎರಡು ಬಗೆಯ ದಾರಿಗೂ ಸಲ್ಲುವ ಗಾಡಿ

ಇಂಥ ಬೈಕಿಗೆ ಇಲ್ಲಿ ಡ್ಯುಯಲ್ ಸ್ಪೋರ್ಟ್ ಎನ್ನುತ್ತಾರೆ. ನಂಬರ್ ಪ್ಲೇಟು, ದೀಪ, ಕನ್ನಡಿ ಎಲ್ಲಾ ಇರುವುದರಿಂದ ಟಾರು ರಸ್ತೆಯಲ್ಲಿ ಕಾನೂನುಬದ್ಧವಾಗಿ ಓಡಿಸಬಹುದು. ಎತ್ತರದ ಸಸ್ಪೆನ್ಷನ್ನು, ಗುಬಟು ಗುಬಟಾದ ಟೈರು ಇರುವುದರಿಂದ ಕಲ್ಲುಮಣ್ಣಿನ ದಾರಿಗೂ ಸೈ. ನಾನು ಕೊಂಡದ್ದು ಹಳೆಯ ಯಮಾಹಾ ಟಿಡಬ್ಲ್ಯೂ ೨೦೦. ೧೯೮೭ರಿಂದ ಹೆಚ್ಚು ಬದಲಾಗದೆ ಬಂದಿರುವ, ೧೯೬ ಸಿಸಿಯ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ಟೈರುಗಳು ಕಡುಬಿನಂತೆ ದಪ್ಪ. ಸೀಟು ತಗ್ಗಿನಲ್ಲಿರುವುದರಿಂದ ನನ್ನಂಥ ಸಾಧಾರಣ ಎತ್ತರದವನಿಗೂ ಎರಡು ಕಾಲೂ ನೆಲಕ್ಕೆ ಎಟುಕುತ್ತವೆ. ಮಗ ಕೊಂಡದ್ದು ಸೆಕೆಂಡ್‌ಹ್ಯಾಂಡ್ ಹೋಂಡಾ ಸಿಆರ್‌ಎಫ್ ೨೫೦ ಎಲ್. ಎರಡೂ ಸೇರಿ ಅವನು ಕೇಳಿದ್ದ ಸ್ಪೋರ್ಟ್ಸ್ ಬೈಕಿನ ಅರ್ಧ ಬೆಲೆಯೂ ಆಗಲಿಲ್ಲ.

ಬೆಟ್ಟಕ್ಕೆ ದೊಡ್ಡ ಬೈಕೇ ಬೇಕು ಎಂದು ಅನೇಕರು ತಿಳಿದಿದ್ದಾರೆ. ಬಿದ್ದಾಗಲೇ ಸತ್ಯ ಗೊತ್ತಾಗುವುದು. ಐನೂರು ಪೌಂಡಿನ ಬೈಕು ಇಳಿಜಾರಿನಲ್ಲಿ ಮಲಗಿದರೆ ಎತ್ತಲು ಇಬ್ಬರು ಬೇಕು. ಇನ್ನೂರೆಂಬತ್ತು ಪೌಂಡಿನದನ್ನು ನನ್ನಂಥವನು ಉಸ್ಸಪ್ಪಾ ಎನ್ನುತ್ತಾ ಒಬ್ಬನೇ ಎತ್ತಬಹುದು. ನಾನು ಎತ್ತಿದ್ದೇನೆ, ಒಂದೇ ಬೆಳಿಗ್ಗೆ ಮೂರು ಸಲ!

ಮೊದಲು ಲೈಸೆನ್ಸು. ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತೊಂದಕ್ಕೆ ಒಳಗಿನವರು ಮೋಟಾರ್‌ಸೈಕಲ್ ಸುರಕ್ಷತಾ ತರಬೇತಿ ಪಡೆಯಲೇಬೇಕು. ನನಗೆ ಕಡ್ಡಾಯವಿರಲಿಲ್ಲ, ಆದರೂ ಮಗನ ಜೊತೆ ಸೇರಿಕೊಂಡೆ. "ನಾನು ಯೆಜ್ಡಿ ಓಡಿಸಿದವನು" ಎಂಬ ಜಂಬ ಮೊದಲ ಗಂಟೆಯಲ್ಲೇ ಇಳಿಯಿತು. ತಿರುವಿನಲ್ಲಿ ಕಣ್ಣು ಎಲ್ಲಿ ನೋಡುತ್ತದೋ ಗಾಡಿ ಅಲ್ಲಿಗೇ ಹೋಗುತ್ತದೆ ಎಂಬುದನ್ನು ನನಗೆ ಮೈಸೂರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಲ್ಮೆಟ್ ಅಂತೂ ಇಲ್ಲಿ ೧೯೯೨ರಿಂದ ಎಲ್ಲ ಸವಾರರಿಗೂ ಕಡ್ಡಾಯ.

ಪಲೋಮಾರ್‌ನ ಪಾಠ

ನಮ್ಮ ಮೊದಲ ಬೆಟ್ಟ ಸ್ಯಾನ್ ಡಿಯಾಗೋ ಕೌಂಟಿಯ ಪಲೋಮಾರ್. ಇನ್ನೂರು ಇಂಚಿನ ಹೇಲ್ ದೂರದರ್ಶಕವನ್ನು ತೋರಿಸಲು ಮಕ್ಕಳನ್ನು ಕಾರಿನಲ್ಲಿ ಕರೆದುಕೊಂಡು ಹೋದವರು ನಿಮ್ಮಲ್ಲೂ ಇದ್ದೀರಿ. ಅದೇ ಬೆಟ್ಟಕ್ಕೆ ಪೌಮಾ ಕಣಿವೆಯ ಕಡೆಯಿಂದ ನೇಟ್ ಹ್ಯಾರಿಸನ್ ಗ್ರೇಡ್ ಎಂಬ ಮಣ್ಣುದಾರಿಯೂ ಹತ್ತುತ್ತದೆ. ನೇಟ್ ಹ್ಯಾರಿಸನ್ ಗುಲಾಮಗಿರಿಯಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾಕ್ಕೆ ಬಂದು, ಈ ಇಳಿಜಾರಿನಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಬದುಕಿದವನು. ಬೆಟ್ಟ ಹತ್ತಿ ಸುಸ್ತಾಗಿ ಬಂದ ಕುದುರೆಗಳಿಗೂ ಜನರಿಗೂ ನೀರು ಕೊಡುತ್ತಿದ್ದ. ೧೯೨೦ರಲ್ಲಿ ತೀರಿಕೊಂಡ. ನಮ್ಮ ಕಡೆ ಹಿಂದೆ ದಾರಿಯ ಬದಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರಲ್ಲ, ಅದೇ ಪುಣ್ಯದ ಕೆಲಸ.

ಆ ದಾರಿಯಲ್ಲೇ ನಾನು ಮೂರು ಸಲ ಬಿದ್ದದ್ದು. ಮೂರು ಸಲವೂ ಕಾರಣ ಒಂದೇ, ಸಡಿಲ ಜಲ್ಲಿಯ ಮೇಲೆ ಹೆದರಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದದ್ದು. ಪೆಗ್ಗಿನ ಮೇಲೆ ಎದ್ದು ನಿಲ್ಲಬೇಕು, ಮೊಣಕಾಲು ಸ್ವಲ್ಪ ಮಡಿಸಿರಬೇಕು, ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯುವಂತೆ ಬಿಡಬೇಕು. ಇದನ್ನೆಲ್ಲಾ ಮಗ ಬೇಗ ಕಲಿತ. ನಾನು ಬಿದ್ದು ಕಲಿತೆ.

ಹನ್ನೊಂದು ಸಾವಿರ ಅಡಿಯಲ್ಲಿ

ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ೧೯೩೦ ಮೀಟರ್, ಅಂದರೆ ಸುಮಾರು ೬೩೩೦ ಅಡಿ. ಲಾಸ್ ಏಂಜಲೀಸ್‌ನಿಂದ ಮಕ್ಕಳಿಗೆ ಹಿಮ ತೋರಿಸಲು ಹೋಗುತ್ತೇವಲ್ಲ, ಆ ಬಿಗ್ ಬೇರ್ ಊರೇ ಅದಕ್ಕಿಂತ ಎತ್ತರದಲ್ಲಿದೆ. ಎರಡು ಬೇಸಿಗೆ ಅಭ್ಯಾಸವಾದ ಮೇಲೆ, ೨೦೨೨ರ ಜುಲೈನಲ್ಲಿ ಇನ್ನೂ ಮೇಲಕ್ಕೆ ಹೋಗುವ ಆಸೆಯಾಯಿತು. ಸ್ನೇಹಿತರೊಬ್ಬರ ಪಿಕಪ್ ಟ್ರಕ್ಕಿನಲ್ಲಿ ಎರಡೂ ಬೈಕು ಏರಿಸಿ, ೩೯೫ನೇ ಹೆದ್ದಾರಿ ಹಿಡಿದು ಬಿಗ್ ಪೈನ್ ಎಂಬ ಸಣ್ಣ ಊರಿಗೆ ಹೋದೆವು. ಎಡಕ್ಕೆ ಸಿಯೆರಾ ನೆವಾಡಾ, ಬಲಕ್ಕೆ ವೈಟ್ ಮೌಂಟನ್ಸ್.

ಅಲ್ಲಿಂದ ೧೬೮ನೇ ರಸ್ತೆಯಲ್ಲಿ ೧೩ ಮೈಲಿ, ಆಮೇಲೆ ವೈಟ್ ಮೌಂಟನ್ ರಸ್ತೆಯಲ್ಲಿ ೧೦ ಮೈಲಿ ಹತ್ತಿದರೆ ಸುಮಾರು ೧೦ ಸಾವಿರ ಅಡಿಯಲ್ಲಿ ಶುಲ್ಮನ್ ತೋಪು. ೪೮೦೦ ವರ್ಷಕ್ಕೂ ಹೆಚ್ಚು ವಯಸ್ಸಾದ ಬ್ರಿಸಲ್‌ಕೋನ್ ಪೈನ್ ಮರ ಇರುವುದು ಇಲ್ಲೇ. ಅದು ಯಾವುದೆಂದು ಫಲಕ ಹಾಕಿಲ್ಲ, ಮರದ ಒಳ್ಳೆಯದಕ್ಕೇ. ಅಲ್ಲಿಂದ ಮುಂದೆ ಟಾರು ಮುಗಿಯುತ್ತದೆ. ಪೇಟ್ರಿಯಾರ್ಕ್ ತೋಪಿಗೆ ಇನ್ನೂ ೧೨ ಮೈಲಿ ಕಲ್ಲುಮಣ್ಣು. ನೀರಿಲ್ಲ, ಪೆಟ್ರೋಲ್ ಇಲ್ಲ.

ಇಲ್ಲಿ ನನ್ನ ಗಾಡಿ ಏದುಸಿರು ಬಿಡತೊಡಗಿತು. ಕಾರಣ ಸರಳ. ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು ಶೇಕಡ ೩ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹನ್ನೊಂದು ಸಾವಿರ ಅಡಿಯಲ್ಲಿ ಮೂರನೇ ಒಂದು ಪಾಲು ಹೋದಂತೆಯೇ. ಗಾಳಿ ತೆಳುವಾದರೂ ಕಾರ್ಬುರೇಟರ್ ಮೊದಲಿನಷ್ಟೇ ಪೆಟ್ರೋಲ್ ಸುರಿಯುವುದರಿಂದ ಪ್ಲಗ್ಗು ಕಪ್ಪಾಗುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಮಗನ ಬೈಕು ಗಾಳಿಯ ಒತ್ತಡ ಅಳೆದು ತಾನೇ ಹೊಂದಿಸಿಕೊಳ್ಳುತ್ತದೆ. ನಾನು ಸಣ್ಣ ಜೆಟ್ ಹಾಕಿಸಿ, ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿದ್ದರಿಂದ ಒಂದನೇ ಗೇರಿನಲ್ಲಿ ಎತ್ತಿನ ಗಾಡಿಯ ಹಾಗೆ ಹತ್ತಿತು. ಹತ್ತಿತು, ಅಷ್ಟೇ.

ಎಂಜಿನ್ನಿಗೆ ಆದದ್ದೇ ಸವಾರನಿಗೂ ಆಯಿತು. ತಲೆ ಸಿಡಿಯುತ್ತಿತ್ತು. ಹಿಂದಿನ ರಾತ್ರಿಯವರೆಗೆ ಸಮುದ್ರಮಟ್ಟದಲ್ಲಿದ್ದ ಐವತ್ತೈದರ ಮನುಷ್ಯ ಮರುದಿನವೇ ಹನ್ನೊಂದು ಸಾವಿರ ಅಡಿಗೆ ಹೋದರೆ ಇನ್ನೇನಾಗುತ್ತದೆ? ಮಗನಿಗೆ ಹೇಳಲಿಲ್ಲ. ಇನ್ನೂ ಸ್ವಲ್ಪ ಮುಂದೆ, ೧೧,೬೮೦ ಅಡಿಯಲ್ಲಿ, ಸಾಮಾನ್ಯ ವಾಹನಗಳನ್ನು ತಡೆಯುವ ಗೇಟು ಇದೆ. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು, ಮೈಸೂರಿನ ಗೆಳೆಯರಿಗೆ ಕಳಿಸಬೇಕು ಎಂಬ ಹಟ. ಅಷ್ಟರಲ್ಲಿ ಪಶ್ಚಿಮದಲ್ಲಿ ಕಪ್ಪು ಮೋಡ ಎದ್ದಿತು. ಒಂದು ಗುಡುಗು ಕೇಳಿತು. ಸುತ್ತ ಎಲ್ಲಿ ನೋಡಿದರೂ ಬೋಳು ಬೆಟ್ಟ; ಅಲ್ಲಿ ಎತ್ತರದ ವಸ್ತು ಎಂದರೆ ನಾವಿಬ್ಬರೇ.

"ಇನ್ನು ನಾಲ್ಕೇ ಮೈಲಿ ಕಣೋ" ಎಂದೆ.

ಮಗ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ನನ್ನ ಮುಖ ನೋಡಿದ. "ಅಪ್ಪಾ, ನಿಮ್ಮ ಗ್ಲೌಸ್ ಹಾಕ್ಕೊಳ್ಳೋಕೆ ನಿಮಗೆ ಐದು ನಿಮಿಷ ಆಯ್ತು. ತಲೆ ನೋಯ್ತಾ ಇದೆ ತಾನೇ? ಸಾಕು. ಇಳಿಯೋಣ. ಅಮ್ಮನಿಗೆ ಮಾತು ಕೊಟ್ಟಿದ್ದೀನಿ."

ನನಗೆ ಮಾತೇ ಹೊರಡಲಿಲ್ಲ. ಮಗನನ್ನು ಕಾಯಲೆಂದು ನನ್ನನ್ನು ಕಳಿಸಿದ್ದಾಳೆ ಎಂದುಕೊಂಡಿದ್ದೆ. ನನ್ನನ್ನು ಕಾಯಲು ಅವನಿಗೂ ಹೇಳಿ ಕಳಿಸಿದ್ದಳು!

ಇಳಿದೆವು. ಎರಡು ಸಾವಿರ ಅಡಿ ಇಳಿಯುವಷ್ಟರಲ್ಲಿ ತಲೆನೋವು ಅರ್ಧ ಕಡಿಮೆಯಾಯಿತು. ಎತ್ತರದ ಕಾಯಿಲೆಗೆ ಇಳಿಯುವುದೇ ಮೊದಲ ಮದ್ದು. ಆ ರಾತ್ರಿ ಬಿಗ್ ಪೈನ್‌ನಲ್ಲಿ ಮಳೆ ನೋಡುತ್ತಾ, ಡಬ್ಬಿಯಲ್ಲಿದ್ದ ಪುಳಿಯೋಗರೆ ತಿನ್ನುತ್ತಾ, ಮಗ ತನ್ನ ದೊಡ್ಡ ಮಾವನ ಬಗ್ಗೆ ಕೇಳಿದ. ಅವರ ಫೋಟೋ ನೋಡುತ್ತಲೇ ಬೆಳೆದವನು, ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಕೇಳಿದ. ನಾನು ಕನ್ನಡದಲ್ಲೇ ಹೇಳಿದೆ, ಅವನು ಕನ್ನಡದಲ್ಲೇ ಕೇಳಿಸಿಕೊಂಡ.

ಹೊರಡುವ ಮುನ್ನ

ಆಸೆಯಾದವರಿಗೆ ಕೆಲವು ಮಾತು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ವಾಹನಗಳಿಗೆ ತೆರೆದಿರುವ ದಾರಿಯಲ್ಲೇ ಹೋಗಿ. ಸ್ಯಾನ್ ಗೇಬ್ರಿಯಲ್ ಬೆಟ್ಟಗಳಲ್ಲಿ ೨೦೨೦ರ ಬಾಬ್‌ಕ್ಯಾಟ್, ೨೦೨೪ರ ಬ್ರಿಡ್ಜ್, ೨೦೨೫ರ ಜನವರಿಯ ಈಟನ್ ಬೆಂಕಿಗಳ ನಂತರ ಅನೇಕ ದಾರಿಗಳು ಮುಚ್ಚಿದ್ದವು. ಪ್ರತಿಸಲವೂ ವಿಚಾರಿಸಿಯೇ ಹೊರಡಿ. ಸೈಲೆನ್ಸರಿನಲ್ಲಿ ಕಿಡಿತಡೆ ಇರಬೇಕು. ಎತ್ತರಕ್ಕೆ ಹೋಗುವುದಾದರೆ ಒಂದು ರಾತ್ರಿ ಮಧ್ಯದಲ್ಲಿ ತಂಗಿ, ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನದ ಗುಡುಗಿಗೆ ಮುಂಚೆ ಇಳಿದುಬಿಡಿ. ನೀರು ಹೆಚ್ಚಾಗಿ ಒಯ್ಯಿರಿ. ಇಬ್ಬರಿಗಿಂತ ಕಡಿಮೆ ಬೇಡ.

ಮರುವರ್ಷ ನನ್ನವಳೂ ಬಂದಳು, ಕಾರಿನಲ್ಲಿ. ಶುಲ್ಮನ್ ತೋಪಿನವರೆಗೆ ಟಾರು ಇದೆಯಲ್ಲ. ನಾವಿಬ್ಬರೂ ಮೇಲೆ ಹೋಗಿ ಬರುವವರೆಗೆ ಆ ಮುದಿ ಮರಗಳ ನಡುವೆ ಕೂತಿದ್ದಳು. ಹಿಂದಿನ ರಾತ್ರಿ ಬಿಗ್ ಪೈನ್‌ನಲ್ಲಿ ತಂಗಿ, ನಸುಕಿನಲ್ಲೇ ಹತ್ತಿದ್ದರಿಂದ ಈ ಸಲ ಗೇಟು ಮುಟ್ಟಿದೆವು. ಫೋಟೋ ತೆಗೆದೆವು. ಇಳಿದು ಬಂದಾಗ ಅವಳು ಫೋಟೋ ನೋಡಲಿಲ್ಲ. ಮೊದಲು ಮಗನ ತಲೆಯಿಂದ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿದಳು. ಆಮೇಲೆ, "ರೀ, ಈ ಗಾಡಿ ಕಲಿಯೋಕೆ ನನ್ನ ಕೈಯಲ್ಲಿ ಆಗತ್ತಾ?" ಎಂದಳು.

ಅದು ಮುಂದಿನ ಸಂಚಿಕೆಗಿರಲಿ.