ಗೆರೆಯ ಮೇಲಿನ ಕಣ್ಣು

ಅಡಿಕೆ ಕೊಯ್ಲು ಮುಗಿದ ದಿನಗಳು. ಕೊಪ್ಪದ ಹತ್ತಿರದ ಶಾಲಾ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ. ಮಧ್ಯರಾತ್ರಿ ದಾಟಿದೆ. ದೀಪದ ಕಂಬಗಳ ಸುತ್ತ ಮಂಜು ಇಳಿದಿದೆ. ಮರದ ಹೊಟ್ಟು ಹಾಸಿದ ಅಂಕಣದಲ್ಲಿ ಸುಣ್ಣದ ಗೆರೆಗಳು ಇಬ್ಬನಿಗೆ ನೆನೆದು ಮಸುಕಾಗಿವೆ. ಒಂದು ಕಡೆ ಶೃಂಗೇರಿಯ ಹುಡುಗರು, ಇನ್ನೊಂದು ಕಡೆ ನರಸಿಂಹರಾಜಪುರದವರು. ಶಾಲು ಹೊದ್ದವರು, ಟೋಪಿ ಕಿವಿಗೆಳೆದವರು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು ಸುತ್ತ ಗೋಡೆ ಕಟ್ಟಿದಂತೆ ನಿಂತಿದ್ದಾರೆ. ತಾಲ್ಲೂಕು ಮೂರಾದರೂ ಇಲ್ಲಿ ನೆಂಟಸ್ತಿಕೆ ಒಂದೇ. ಯಾರ ಅಳಿಯ ಯಾವ ತಂಡದಲ್ಲಿದ್ದಾನೆ ಎನ್ನುವುದು ಎಲ್ಲರಿಗೂ ಗೊತ್ತು.

ನಾನು ನೋಡುತ್ತಿದ್ದುದು ಅಂಪೈರನ್ನು. ಐವತ್ತು ದಾಟಿದ ದೈಹಿಕ ಶಿಕ್ಷಕರು. ನಡುಗೆರೆಯ ತುದಿಯಲ್ಲಿ ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತಿದ್ದರು. ಸೀಟಿಯ ಕಪ್ಪು ದಾರ ತೋರುಬೆರಳಿಗೆ ಎರಡು ಸುತ್ತು ಸುತ್ತಿತ್ತು. ಎದುರು ತುದಿಯಲ್ಲಿ ಇನ್ನೊಬ್ಬ ಅಂಪೈರ್. ಮೈಕಿನವನು ಗಂಟಲು ಹರಿದುಕೊಂಡು ವಿವರಣೆ ಕೊಡುತ್ತಿದ್ದ. ಒಂದೇ ಆಟ, ಅವನ ಕೆಲಸ ಜನರನ್ನು ಕುಣಿಸುವುದು, ಇವರ ಕೆಲಸ ಕುಣಿಯದೆ ನಿಲ್ಲುವುದು.

ಕೊನೆಯ ನಿಮಿಷ. ಶೃಂಗೇರಿಯವರು ಮೂರು ಅಂಕ ಹಿಂದೆ. ರೈಡಿಗೆ ಹೊರಟ ಹುಡುಗ ಹಿಂದೆ ಇದೇ ಮೇಷ್ಟ್ರ ಕೈಯಲ್ಲಿ ಪಳಗಿದವನು. 30 ಸೆಕೆಂಡು ಅವನದು. ಎದುರಿಗೆ ಏಳೂ ಜನ. ಬೋನಸ್ ಗೆರೆಯಾಚೆ ಬಲಗಾಲು ಚಾಚಿದ. ಮೂಲೆಯವನು ಪಾದಕ್ಕೆ ಕೈ ಹಾಕಿದ, ಜಾರಿತು. ಅಷ್ಟರಲ್ಲಿ ಇಬ್ಬರು ಕೈ ಕೈ ಹಿಡಿದು ಸರಪಳಿಯಾಗಿ ದಾರಿಗೆ ಅಡ್ಡ ಬಂದರು. ಹುಡುಗ ಹಾರಿದ. ಅವರ ಹೆಗಲಿನ ಮೇಲಿಂದ! ಮೊಣಕಾಲು ಒಬ್ಬನ ಬೆನ್ನಿಗೆ ತಗುಲಿ, ಗಾಳಿಯಲ್ಲೇ ಅಡ್ಡಡ್ಡ ತಿರುಗಿ, ಹೊಟ್ಟಿನ ಮೇಲೆ ಉಜ್ಜಿಕೊಂಡು ಬಂದು ಬೆರಳ ತುದಿಯಿಂದ ನಡುಗೆರೆ ಮುಟ್ಟಿದ. ಮೈದಾನಕ್ಕೆ ಮೈದಾನವೇ ಎದ್ದು ಕೂಗಿತು. ನನ್ನ ಪಕ್ಕದ ಅಜ್ಜ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡರು.

ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸೀಟಿ ಊದಿದರು. ಮೂಲೆಯವನನ್ನೂ ಬೆನ್ನು ತಗುಲಿದವನನ್ನೂ ಹೊರಗೆ ಕಳಿಸಿ ಎರಡು ಬೆರಳು ಎತ್ತಿದರು. ‘ಬೋನಸ್! ಬೋನಸ್!’ ಎಂದು ಜನ ಹುಯ್ಯಲಿಟ್ಟರು. ಹುಡುಗನೂ ಹಳೆಯ ಸಲಿಗೆಯಿಂದ ಅವರ ಮುಖ ನೋಡಿದ. ಅವರು ಇಲ್ಲವೆಂದು ಕೈಯಾಡಿಸಿದರು. ಬೋನಸ್ ಸಿಗಬೇಕಾದರೆ ಒಂದು ಕಾಲು ಗೆರೆಯಾಚೆ ಊರಿದಾಗ ಇನ್ನೊಂದು ಕಾಲು ನೆಲ ಬಿಟ್ಟಿರಬೇಕು. ಇವನ ಎಡಗಾಲಿನ ಹೆಬ್ಬೆರಳು ನೆಲ ಬಿಟ್ಟಿರಲಿಲ್ಲ. ಅಷ್ಟು ಜನರಲ್ಲಿ ಅದನ್ನು ಕಂಡವರು ಅವರೊಬ್ಬರೇ. ಶೃಂಗೇರಿಯವರು ಒಂದು ಅಂಕದಲ್ಲಿ ಸೋತರು.

ಬ್ಯಾಸ್ಕೆಟ್‌ಬಾಲಿನಲ್ಲೂ ಹೀಗೆಯೇ. ದೂರದಿಂದ ಎಸೆದ ಚೆಂಡು ಬುಟ್ಟಿಯೊಳಗೆ ಬಿದ್ದು ಜನ ಎದ್ದು ನಿಂತಾಗ ರೆಫರಿ ಎರಡೂ ಕೈ ಮೇಲೆತ್ತಿ ಮೂರು ಮೂರು ಬೆರಳು ತೋರಿಸುತ್ತಾರೆ. ದೂರದಿಂದ ನೋಡಿದರೆ ಸಂಭ್ರಮದ ಕೈಯಂತೆಯೇ ಕಾಣುತ್ತದೆ, ಮುಖ ನೋಡಿದರೆ ಅದು ಬರೀ ಲೆಕ್ಕ. ಆಟಗಾರನ ಪಾದ ಗೆರೆಯ ಹಿಂದಿತ್ತು, ಅಂಕ ಮೂರು, ಇಷ್ಟೇ.

ಶೃಂಗೇರಿ ಸೀಮೆಯಲ್ಲಿ ತೀರ್ಪಿನ ಮಾತು ಬಂದರೆ ಉಭಯಭಾರತಿಯ ನೆನಪು ಬಾರದೆ ಇರದು. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ತೀರ್ಪು ಹೇಳಬೇಕಾಗಿದ್ದವಳು ಮಂಡನರ ಹೆಂಡತಿ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರದು ಬಾಡುತ್ತದೋ ಅವರು ಸೋತಂತೆ ಎಂದು ಹೇಳಿ ತನ್ನ ಮನೆಗೆಲಸಕ್ಕೆ ಹೋದಳಂತೆ. ಬಾಡಿದ್ದು ಗಂಡನ ಮಾಲೆ. ಹಾಗೆಂದು ಅವಳೇ ಹೇಳಿದಳು. ತುಂಗೆಯ ದಡದಲ್ಲಿ ಶಾರದೆಯಾಗಿ ನೆಲೆಸಿದವಳು ಅವಳೇ ಎಂಬುದು ಇಲ್ಲಿಯವರ ನಂಬಿಕೆ. ಆ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಯಾರ ಗೆಲುವಿನ ಹತ್ತಿರವೂ ಅಲ್ಲ. ಅಂಥ ಇಬ್ಬರ ಮಾತಿನ ಸೊಬಗಿಗೆ ಮನಸೋಲದೆ, ಮಾಲೆಯನ್ನು ಮಾತ್ರ ನೋಡುತ್ತೇನೆ ಎಂದು ಅವಳು ನಿಶ್ಚಯಿಸಿದಳಲ್ಲ, ಅಲ್ಲಿ.

ಬಹುಮಾನ ವಿತರಣೆ ಮುಗಿದಾಗ ಮೂರು ಗಂಟೆ. ಶಾಮಿಯಾನದ ಹಿಂದೆ ಬಿಸಿ ಚಿತ್ರಾನ್ನ, ಚಹಾ. ಮೇಷ್ಟ್ರು ಬೆರಳಿನಿಂದ ಸೀಟಿಯ ದಾರ ಬಿಚ್ಚುತ್ತಿದ್ದರು. ಸುತ್ತಿದ್ದ ಕಡೆ ಚರ್ಮ ತಗ್ಗು ಬಿದ್ದು ಕೆಂಪಾಗಿತ್ತು. ಇಡೀ ಆಟ ಎಷ್ಟು ಬಿಗಿಯಾಗಿ ಎಳೆದು ಹಿಡಿದಿದ್ದರೋ. ಆಚೆ ಬೆಂಚಿನಲ್ಲಿ ಅವರ ಹಳೆಯ ಶಿಷ್ಯ ಮೊಣಕೈಗೆ ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದ. ಅತ್ತ ಒಂದು ಸಲ ನೋಡಿ, ನನ್ನ ಹತ್ತಿರ ಸರಿದು ಕೂತು, ದನಿ ತಗ್ಗಿಸಿ ಕೇಳಿದರು:

“ಸರಪಳಿ ಮೇಲೆ ಹಾರಿದ್ನಂತಲ್ಲ ಮಾರಾಯ್ರೆ, ಹೆಂಗೆ ಹಾರಿದ? ಸ್ವಲ್ಪ ಹೇಳಿ. ನಾನು ಕಾಲು ನೋಡ್ತಿದ್ದೆ.”