ಹಳೆಯ ಅಲಾಯ್ ಚಕ್ರದ ಪೂರ್ವಚರಿತ್ರೆ

ಕಾರಿನೊಂದಿಗೆ ಬಂದ ಉಕ್ಕಿನ ಚಕ್ರಗಳನ್ನು ಕಳಚಿ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳನ್ನು, ಅಂದರೆ ರೂಢಿಯ ಮಾತಿನ ‘ಅಲಾಯ್ ವೀಲ್’ಗಳನ್ನು, ಹಾಕಿಸಬಯಸುವವರು ಬೆಂಗಳೂರಿನಲ್ಲಿ ಹೊಸ ಮಾಲಿಗೆ ಜೆ.ಸಿ. ರಸ್ತೆಗೂ ಹಳೆಯದಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳಿಗೂ ಹೋಗುವುದುಂಟು. ಆಯ್ಕೆಯನ್ನು ಬಹುಮಟ್ಟಿಗೆ ಬೆಲೆಯೇ ನಿರ್ಧರಿಸುತ್ತದೆ. ಆದರೆ ಇಂಥ ಚಕ್ರವನ್ನು ಕೆಡಿಸುವುದು ಅದರ ವಯಸ್ಸಿಗಿಂತ ಹೆಚ್ಚಾಗಿ ಅದು ತಿಂದ ಪೆಟ್ಟು, ಪೆಟ್ಟಿಗಿಂತಲೂ ಹೆಚ್ಚಾಗಿ ಅದಕ್ಕೆ ಮಾಡಿದ ರಿಪೇರಿ.

ಇದರ ಕಾರಣ ಲೋಹದ ಸಂಸ್ಕಾರದಲ್ಲಿದೆ. ಬಹುತೇಕ ಅಲಾಯ್ ಚಕ್ರಗಳನ್ನು ಸುಮಾರು ಶೇಕಡಾ 7ರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಂನಿಂದ ಎರಕ ಹೊಯ್ದು, 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ತಟ್ಟನೆ ನೀರಿನಲ್ಲಿ ತಣಿಸಿ, ಬಳಿಕ ಸುಮಾರು 150 ಡಿಗ್ರಿಯಲ್ಲಿ ಕೆಲವು ಗಂಟೆ ಇರಿಸಲಾಗುತ್ತದೆ. ‘ಟಿ6’ ಎಂದು ಕರೆಯಲಾಗುವ ಈ ಉಷ್ಣೋಪಚಾರದಿಂದಲೇ ಲೋಹಕ್ಕೆ ಗಡಸುತನ ಬರುತ್ತದೆ. ಗುಂಡಿಗೆ ಬಿದ್ದು ಬಾಗಿದ ರಿಮ್ಮನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ತಟ್ಟಿದಾಗ ಅಥವಾ ಬಿರುಕಿಗೆ ವೆಲ್ಡಿಂಗ್ ಮಾಡಿದಾಗ ಆ ಭಾಗದ ಗಡಸುತನ ಕುಗ್ಗುತ್ತದೆ, ಮೇಲೆ ಬಳಿದ ಬಣ್ಣ ಅದನ್ನು ಮರೆಮಾಚುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಥಳಥಳಿಸುವ ಚಕ್ರಕ್ಕಿಂತ ಫುಟ್‌ಪಾತ್ ಅಂಚಿಗೆ ಉಜ್ಜಿ ಗೀರು ಬಿದ್ದ, ಮೂಲ ಬಣ್ಣದ ಚಕ್ರವೇ ಹೆಚ್ಚು ನಂಬಿಕೆಗೆ ಅರ್ಹ. ಪರೀಕ್ಷಿಸಬೇಕಾದದ್ದು ಹೊರಮುಖವನ್ನಲ್ಲ, ಕಡ್ಡಿಗಳ ಆಸರೆಯಿಂದ ದೂರವಿರುವುದರಿಂದ ಮೊದಲು ಬಾಗುವ ಒಳ ಅಂಚನ್ನು; ಟೈರ್ ಬಿಚ್ಚಿಸಿ, ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿದರೆ ಅಂಚಿನ ಓಲಾಟ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಒಪ್ಪದ ವ್ಯಾಪಾರಿಯ ಬಳಿ ಚೌಕಾಶಿಯೂ ವ್ಯರ್ಥ.

ಹೊಸದೆಂಬ ಮಾತ್ರಕ್ಕೆ ಚಕ್ರ ಉತ್ತಮವೆಂದಲ್ಲ. ಪ್ರಸಿದ್ಧ ವಿನ್ಯಾಸಗಳ ಅನಾಮಧೇಯ ನಕಲುಗಳ ಮೇಲೂ ‘ಜೆಡಬ್ಲ್ಯುಎಲ್’ ಎಂಬ ಜಪಾನಿ ಮಾನಕದ ಗುರುತು ಇರಬಹುದು. ಅದು ತಯಾರಕರೇ ಮಾಡಿಕೊಳ್ಳುವ ಘೋಷಣೆಯಾಗಿದ್ದು, ಸ್ವತಂತ್ರ ಪರೀಕ್ಷೆಯನ್ನು ಸೂಚಿಸುವ ಗುರುತು ‘ವಿಐಎ’. ಚಕ್ರ ಎಷ್ಟು ಕಿಲೋ ಭಾರ ತಾಳಬಲ್ಲದೆಂಬ ಅಂಕಿಯೂ ಹಿಂಬದಿಯಲ್ಲಿರಬೇಕು. ತಯಾರಕರ ಹೆಸರೇ ಇಲ್ಲದ ಹೊಸ ಸೆಟ್ಟಿಗಿಂತ, ಬೇರೆ ವಿನ್ಯಾಸ ಬಯಸಿದ ಮಾಲೀಕರು ಕಾರು ಕೊಂಡ ಕೆಲವೇ ದಿನಗಳಲ್ಲಿ ಬಿಚ್ಚಿಸಿ ಮಾರಿದ ಕಂಪನಿ ಚಕ್ರಗಳು ಎಷ್ಟೋ ಮೇಲು.

ಹೊಂದಾಣಿಕೆಯ ಪ್ರಶ್ನೆ ಎರಡಕ್ಕೂ ಸಮಾನ. ನಟ್‌ಗಳ ರಂಧ್ರಗಳು ಕೂರುವ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ: ಸ್ವಿಫ್ಟ್‌ಗೆ ನಾಲ್ಕು ರಂಧ್ರ, 100 ಮಿ.ಮೀ.; ಪೋಲೊಗೆ ವ್ಯಾಸ ಅಷ್ಟೇ ಆದರೂ ರಂಧ್ರ ಐದು; ಕ್ರೆಟಾಗೆ ಐದು ರಂಧ್ರ, 114.3 ಮಿ.ಮೀ. ಚಕ್ರದ ನಡುವಿನ ರಂಧ್ರ ಹಬ್‌ಗಿಂತ ದೊಡ್ಡದಾಗಿದ್ದರೆ ಆ ಸಂದನ್ನು ತುಂಬುವ ಹಬ್ ರಿಂಗ್ ಬೇಕು. ಇಲ್ಲವಾದರೆ ವೇಗ ಹೆಚ್ಚಿದಾಗ ಸ್ಟಿಯರಿಂಗ್ ನಡುಗಬಹುದು. ಚಕ್ರ ಎಷ್ಟು ಒಳಸರಿದು ಕೂರುತ್ತದೆಂಬುದನ್ನು ಹೇಳುವ ಆಫ್‌ಸೆಟ್ ತಪ್ಪಿದರೆ ಟೈರು ಮಡ್ಗಾರ್ಡಿಗೋ ಸಸ್ಪೆನ್ಷನ್ನಿಗೋ ಉಜ್ಜುತ್ತದೆ. ಇನ್ನೊಂದು ಸೂಕ್ಷ್ಮವನ್ನು ಹಲವು ಅಂಗಡಿಗಳು ಗಮನಿಸುವುದೇ ಇಲ್ಲ: ಹೋಂಡಾ, ಫೋಕ್ಸ್‌ವ್ಯಾಗನ್ ಕಂಪನಿ ಚಕ್ರಗಳಲ್ಲಿ ನಟ್ ಅಥವಾ ಬೋಲ್ಟ್ ಕೂರುವ ಜಾಗ ಗೋಳಾಕಾರದ್ದು, ಹೊರಗಿನ ಚಕ್ರಗಳಲ್ಲಿ ಸಾಮಾನ್ಯವಾಗಿ ಶಂಕುವಿನಾಕಾರದ್ದು, ಒಂದರದ್ದನ್ನು ಇನ್ನೊಂದಕ್ಕೆ ಬಿಗಿದರೆ ಅದು ಪೂರ್ತಿ ಕೂರದೆ ಕ್ರಮೇಣ ಸಡಿಲಾಗಬಹುದು.

ಹಳೆಯ ಸೆಟ್ಟುಗಳು ಟೈರಿನೊಂದಿಗೇ ಬರುವುದರಿಂದ ಅಗ್ಗವೆನಿಸುತ್ತವೆ. ಟೈರಿನ ಪಕ್ಕದ ಗೋಡೆಯ ಮೇಲಿನ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ; ‘2316’ ಎಂದಿದ್ದರೆ ಅದು 2016ರ 23ನೇ ವಾರದ್ದು, ಅಂಥ ಟೈರಿಗೆ ಬೆಲೆಯೇ ಇಲ್ಲವೆಂದು ಭಾವಿಸಿ ಚಕ್ರಗಳಿಗಷ್ಟೇ ದರ ಕಟ್ಟುವುದು ಲೇಸು.