ಇಂಡಿಯ ಕೇಳುಗ ಯಾರ ಲೆಕ್ಕದಲ್ಲಿ?

ನನ್ನ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿದ್ದುಕೊಂಡು ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಸುತ್ತಾರೆ. ವಿಜಯಪುರ ಜಿಲ್ಲೆಯ ಕಥೆ, ಲಾವಣಿ, ಹಳೆಯ ಸಂಗತಿಗಳನ್ನು ಆ ಸೀಮೆಯ ಮಾತಿನಲ್ಲಿಯೇ ಹೇಳುವ ಕಾರ್ಯಕ್ರಮವದು. ಜಾಹೀರಾತು ಕೇಳಲು ಹೋದಲ್ಲೆಲ್ಲ ಅವರಿಗೆ ಎದುರಾಗುವುದು ಒಂದೇ ಪ್ರಶ್ನೆ: ‘ಡೌನ್‌ಲೋಡ್ ಎಷ್ಟು, ಯಾವ ಊರಿನಿಂದ?’ ಅವರ ಬಳಿಯಿರುವ ಪಟ್ಟಿಯಲ್ಲಿ ಬೆಂಗಳೂರು ಮೊದಲು. ಆಮೇಲೆ ಹೈದರಾಬಾದ್, ಮುಂಬೈ, ಪುಣೆ. ಯಾವ ಊರುಗಳ ಮಾತನ್ನು ಅವರು ಆಡುತ್ತಿದ್ದಾರೆಯೋ ಆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ‘ಅಲ್ಲಿಯವರೇ ನಿಮ್ಮನ್ನು ಕೇಳುತ್ತಿಲ್ಲವಲ್ಲ, ಭಾಷೆಯನ್ನು ಸ್ವಲ್ಪ ಬೆಂಗಳೂರಿನ ಕಡೆಗೆ ತಿರುಗಿಸಿ’ ಎಂಬ ಸಲಹೆಯೂ ಅವರಿಗೆ ಸಿಕ್ಕಿದೆ.

ಸಲಹೆ ಕೊಟ್ಟವರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಅಂಕಿಯನ್ನು ನಂಬಿ ಒಂದು ಸೀಮೆಯ ಮಾತನ್ನೇ ಕೈಬಿಡಬೇಕೆನ್ನುವಾಗ, ಆ ಅಂಕಿ ಎಲ್ಲಿಂದ ಬಂತು ಎಂದು ವಿಚಾರಿಸುವುದು ಅಗತ್ಯ.

ಡೌನ್‌ಲೋಡ್ ಎಂದರೆ ಒಬ್ಬ ಮನುಷ್ಯ ಕೇಳಿದ ಎಂದರ್ಥವಲ್ಲ. ಒಂದು ಯಂತ್ರ ಇನ್ನೊಂದು ಯಂತ್ರದಿಂದ ಧ್ವನಿಯ ಕಡತವನ್ನು ಕೇಳಿ ಪಡೆಯಿತು ಎಂದಷ್ಟೇ ಅರ್ಥ. ಜಾಹೀರಾತು ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಬಿಯ ತಾಂತ್ರಿಕ ವಿಭಾಗವು 2017ರಲ್ಲಿ ಇದಕ್ಕೊಂದು ನಿಯಮ ರೂಪಿಸಿತು. ಒಂದು ನಿಮಿಷ ಕೇಳಲು ಸಾಕಾಗುವಷ್ಟು ಕಡತ ಫೋನಿಗೆ ಇಳಿದಿದ್ದರೆ ಅದು ಒಂದು ಡೌನ್‌ಲೋಡ್. ಆ ನಿಮಿಷವನ್ನು ಯಾರಾದರೂ ಕೇಳಿರಬೇಕೆಂಬ ಷರತ್ತಿಲ್ಲ. ಕಡತ ಇಳಿದ ಮೇಲೆ ಫೋನಿನೊಳಗೆ ಏನಾಯಿತು ಎಂಬುದು ಅದನ್ನು ಕಳಿಸಿದ ಸರ್ವರ್‌ಗೆ ತಿಳಿಯುವುದೂ ಇಲ್ಲ. ಒಮ್ಮೆ ಚಂದಾದಾರನಾದವನ ಫೋನಿಗೆ ಹೊಸ ಕಂತುಗಳು ತಾವಾಗಿಯೇ ಬಂದು ಬೀಳುತ್ತವೆ. ಆತ ನಿದ್ದೆಯಲ್ಲಿದ್ದರೂ ಲೆಕ್ಕ ಏರುತ್ತದೆ.

ಇದು ಎಷ್ಟು ಗಾಳಿಯ ಲೆಕ್ಕವೆಂಬುದು 2023ರಲ್ಲಿ ಜಗತ್ತಿಗೇ ಗೊತ್ತಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆಪಲ್ ಸಂಸ್ಥೆಯ ಐಒಎಸ್ 17 ಬಂತು. ಅದುವರೆಗೆ, ಕೆಲವು ವಾರ ಕೇಳುವುದನ್ನು ಬಿಟ್ಟಿದ್ದವನು ಮರಳಿ ಬಂದರೆ, ನಡುವೆ ತಪ್ಪಿಹೋದ ಕಂತುಗಳನ್ನೂ ಆಪ್ ತಾನಾಗಿ ಇಳಿಸಿಕೊಳ್ಳುತ್ತಿತ್ತು. ಆಪಲ್ ಅದನ್ನು ನಿಲ್ಲಿಸಿದ್ದೇ ತಡ, ಅಮೆರಿಕದ ಹೆಸರಾಂತ ಕಾರ್ಯಕ್ರಮಗಳ ಡೌನ್‌ಲೋಡ್‌ಗಳು ಕುಸಿದವು. ಕೇಳುಗರಾರೂ ಬಿಟ್ಟುಹೋಗಿರಲಿಲ್ಲ, ಇಲ್ಲದ ಕೇಳುಗರು ಲೆಕ್ಕದಿಂದ ಇಳಿದಿದ್ದರು, ಅಷ್ಟೆ. ಅದಕ್ಕೂ ಒಂದು ವರ್ಷ ಮೊದಲು, 2022ರಲ್ಲಿ, ಇನ್ನೂ ಸೋಜಿಗದ ಸಂಗತಿ ವರದಿಯಾಗಿತ್ತು. ಮೊಬೈಲ್ ಆಟ ಆಡುವವರು ಒಂದು ಜಾಹೀರಾತನ್ನು ಮುಟ್ಟಿದರೆ ಆಟದಲ್ಲಿ ಬಹುಮಾನ. ಹಿಂದಿನಿಂದ ಒಂದು ಪಾಡ್‌ಕಾಸ್ಟ್ ಡೌನ್‌ಲೋಡ್. ಆಟಗಾರನಿಗೆ ಅದರ ಸುಳಿವೂ ಇರಬೇಕಿಲ್ಲ.

ಹೀಗೆ ಲೆಕ್ಕ ಉಬ್ಬುವುದನ್ನು ಕುರಿತು ಪಶ್ಚಿಮದಲ್ಲಿ ಸಾಕಷ್ಟು ಬರೆದಿದ್ದಾರೆ. ನಮ್ಮ ಸಮಸ್ಯೆ ಇದರ ತದ್ವಿರುದ್ಧದ್ದು. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಒಂದೇ ದಿನದಲ್ಲಿ ಒಂದೇ ಅಂತರಜಾಲ ವಿಳಾಸದಿಂದ, ಒಂದೇ ಬಗೆಯ ಫೋನು ಮತ್ತು ಆಪ್‌ನಿಂದ ಬಂದ ಬೇಡಿಕೆಗಳನ್ನು ಒಬ್ಬನೇ ಕೇಳುಗನದೆಂದು ಎಣಿಸಬೇಕೆನ್ನುವುದು ಅದೇ ನಿಯಮದ ಇನ್ನೊಂದು ಭಾಗ. ಮೋಸ ತಡೆಯಲು ಮಾಡಿದ ಏರ್ಪಾಡಿದು, ಸರಿಯಾದದ್ದೇ. ಆದರೆ ಭಾರತದ ಮೊಬೈಲ್ ಜಾಲಗಳಲ್ಲಿ ಅಸಂಖ್ಯ ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲುವುದುಂಟು. ಬಸವನ ಬಾಗೇವಾಡಿಯ ಇಬ್ಬರು ಗೆಳೆಯರು ಒಂದೇ ಅಂಗಡಿಯಿಂದ ಒಂದೇ ಮಾದರಿಯ ಅಗ್ಗದ ಫೋನು ಕೊಂಡು, ಒಂದೇ ದಿನ ಒಂದೇ ಕಂತು ಇಳಿಸಿಕೊಂಡರೆ ಅವರಿಬ್ಬರೂ ಸೇರಿ ಒಬ್ಬರಾಗಿಬಿಡಬಹುದು. ಬೆಂಗಳೂರಿನಲ್ಲಿ ಮನೆಯ ವೈಫೈನಲ್ಲೊಮ್ಮೆ, ಮೆಟ್ರೊದಲ್ಲಿ ಮೊಬೈಲ್ ಡೇಟಾದಲ್ಲೊಮ್ಮೆ ಅದೇ ಕಂತನ್ನು ತೆರೆದ ಒಬ್ಬ ಕೇಳುಗ ಇಬ್ಬರಾಗಬಹುದು!

ಊರಿನ ಹೆಸರಿನ ಗತಿಯೂ ಇದೇ. ಕೇಳುಗನಿರುವ ಸ್ಥಳವನ್ನು ಅಂತರಜಾಲ ವಿಳಾಸದಿಂದ ಊಹಿಸಲಾಗುತ್ತದೆ. ಮೊಬೈಲ್ ಜಾಲದಲ್ಲಿ ಆ ವಿಳಾಸವು ಎಷ್ಟೋ ವೇಳೆ ಕಂಪೆನಿಯ ಯಂತ್ರಗಳಿರುವ ಮಹಾನಗರವನ್ನು ತೋರಿಸುತ್ತದೆಯೇ ಹೊರತು ಫೋನ್ ಹಿಡಿದವನ ಊರನ್ನಲ್ಲ. ಸಿಂದಗಿಯ ಹೊಲದ ಬದುವಿನ ಮೇಲೆ ಕೂತು ಕೇಳಿದವನು ಪಟ್ಟಿಯಲ್ಲಿ ಬೆಂಗಳೂರಿಗನಾಗುವುದು ಹೀಗೆ. ನನ್ನ ಸ್ನೇಹಿತರ ಪಟ್ಟಿಯಲ್ಲಿರುವ ಬೆಂಗಳೂರಿಗರಲ್ಲಿ ಎಷ್ಟು ಮಂದಿ ಇಂಥವರೋ ಹೇಳಬಲ್ಲವರಿಲ್ಲ.

ಇನ್ನು ಯಾವ ವಿಳಾಸವೂ ಇಲ್ಲದ ಕೇಳುಗರ ಮಾತು. ಇಂಡಿಯಲ್ಲಿರುವ ನನ್ನ ಸೋದರಮಾವ ಲಿಂಬೆ ಬೆಳೆಯುವವರು. ಕಾರ್ಯಕ್ರಮ ಕೇಳಿದ್ದಾರೆಯೇ ಎಂದು ವಿಚಾರಿಸಿದೆ. ‘ಪಾಡ್‌ಕಾಸ್ಟ್ ಅಂದ್ರ ನನಗೇನ್ ಗೊತ್ತೋ? ತಮ್ಮನ ಮಗ ಪುಣೆದಿಂದ ವಾಟ್ಸ್ಆ್ಯಪ್‌ನ್ಯಾಗ ಕಳಸಿದ್ದ. ಕಟ್ಟಿ ಮ್ಯಾಲ ಕುಂತು ಎಂಟ್ಹತ್ತು ಮಂದಿ ಕೇಳಿದ್ವಿ. ನಿನ್ನ ಗೆಳ್ಯಾ ಚಲೋ ಹೇಳ್ಯಾನ’ ಎಂದರು. ಪಟ್ಟಿಯಲ್ಲಿ ಇದು ಪುಣೆಯ ಒಂದು ಡೌನ್‌ಲೋಡ್. ಇಂಡಿಯ ಕಟ್ಟೆಯ ಎಂಟು ಹತ್ತು ಮಂದಿ ಸೊನ್ನೆ.

ನಾಲ್ಕೂ ತಾಲ್ಲೂಕುಗಳಲ್ಲಿ ಕೇಳುವಿಕೆ ನಡೆಯುವುದೇ ಹೀಗೆ. ಮೊಬೈಲ್ ಅಂಗಡಿಯಲ್ಲಿ ಹಣ ಕೊಟ್ಟು ಮೆಮೊರಿ ಕಾರ್ಡ್ ತುಂಬಿಸಿಕೊಳ್ಳುತ್ತಾರೆ. ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರ್‌ಗೆ ಪೆನ್‌ಡ್ರೈವ್ ಚುಚ್ಚುತ್ತಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನೇ ನೋಡಿ. ಅವು ಯೂಟ್ಯೂಬ್‌ನಲ್ಲಿವೆ, ಅಲ್ಲಿ ಎಣಿಕೆಯೂ ಇದೆ. ಆದರೆ ಕೈಯಿಂದ ಕೈಗೆ ದಾಟಿದ ಧ್ವನಿಮುದ್ರಣಗಳಿಗೆ ಎಣಿಕೆ ಎಲ್ಲಿದೆ? 2023ರ ಜನವರಿ 2ರಂದು ಅವರು ನಿಧನರಾದಾಗ ಅಂತಿಮ ದರ್ಶನಕ್ಕೆ ವಿಜಯಪುರದತ್ತ ಹರಿದುಬಂದ ಲಕ್ಷಾಂತರ ಜನರನ್ನು ಯಾವ ಡೌನ್‌ಲೋಡ್ ಪಟ್ಟಿಯೂ ಮೊದಲೇ ತೋರಿಸಿಕೊಟ್ಟಿರಲಾರದು.

ಕೇಳುಗರ ಲೆಕ್ಕ ನಮ್ಮಲ್ಲಿ ಹಿಂದೆಯೂ ಸರಿಯಿರಲಿಲ್ಲ ಎನ್ನುವುದನ್ನೂ ಹೇಳಬೇಕು. 2007ರಲ್ಲಿ ಖಾಸಗಿ ರೇಡಿಯೊ ಕೇಳುಗರ ಅಳತೆ ಆರಂಭವಾದಾಗ ದಿನಚರಿ ಪುಸ್ತಕ ಕೊಟ್ಟು ಬರೆಸಿಕೊಂಡದ್ದು ಕೆಲವು ಮಹಾನಗರಗಳಲ್ಲಿ. ಕರ್ನಾಟಕದ ಪಾಲಿಗೆ ಬೆಂಗಳೂರು ಮಾತ್ರ. ಟಿ.ವಿ.ಯ ಟಿಆರ್‌ಪಿ ಕಥೆ ಎಲ್ಲರಿಗೂ ತಿಳಿದದ್ದೇ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಅಕ್ರಮದ ಆರೋಪ ಹೊರಿಸಿದ ಮೇಲೆ, ಸುದ್ದಿ ವಾಹಿನಿಗಳ ರೇಟಿಂಗ್ ಅನ್ನು ಬಾರ್ಕ್ 12 ವಾರಗಳಿಗೆಂದು ನಿಲ್ಲಿಸಿತು. ಅದು ಮತ್ತೆ ಆರಂಭವಾದದ್ದು 2022ರ ಮಾರ್ಚ್‌ನಲ್ಲಿ. ಪತ್ರಿಕೆಗಳು ಮಾತ್ರ ಒಂದು ವಿವೇಕ ತೋರಿದ್ದವು. 1948ರಲ್ಲಿ ಹುಟ್ಟಿದ ಎಬಿಸಿ ಪ್ರತಿಗಳನ್ನು ಎಣಿಸಿತು. ಓದುಗರನ್ನು ಎಣಿಸಲು ಬೇರೆಯದೇ ಸಮೀಕ್ಷೆ ನಡೆಯಿತು. ಚಹಾದ ಅಂಗಡಿಗೆ ಬರುವ ಒಂದು ಪ್ರತಿಯನ್ನು ಸಂಜೆಯೊಳಗೆ ಹಲವರು ಓದುತ್ತಾರೆಂಬ ತಿಳಿವಳಿಕೆ ಆ ಎರಡು ಲೆಕ್ಕಗಳ ನಡುವೆ ಇತ್ತು. ಪಾಡ್‌ಕಾಸ್ಟ್ ಲೋಕ ಪ್ರತಿಯನ್ನೇ ಓದುಗನೆಂದು ಕರೆಯುತ್ತಿದೆ.

ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಬರುತ್ತಿದ್ದ ಪೋಸ್ಟ್‌ಕಾರ್ಡುಗಳು ಈ ಹೊತ್ತಿನಲ್ಲಿ ನೆನಪಾಗುತ್ತವೆ. ಅವೂ ನಂಬಿಕಸ್ಥ ಅಳತೆಯಾಗಿರಲಿಲ್ಲ. ಒಬ್ಬನೇ ಕೂತು ಇಡೀ ಓಣಿಯ ಹೆಸರು ಬರೆದು ಕಳಿಸುತ್ತಿದ್ದ. ಆದರೂ ಕಾರ್ಡಿನ ಮೇಲೆ ಊರಿನ ಹೆಸರಿರುತ್ತಿತ್ತು. ಮುದ್ದೇಬಿಹಾಳದ ಕಾರ್ಡನ್ನು ಬೆಂಗಳೂರಿನದೆಂದು ಯಾರೂ ಓದುತ್ತಿರಲಿಲ್ಲ.

ಡೌನ್‌ಲೋಡ್ ಲೆಕ್ಕವನ್ನು ಎಸೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಅದೇ ಕಾರ್ಯಕ್ರಮದ ಈ ತಿಂಗಳನ್ನು ಕಳೆದ ತಿಂಗಳಿನೊಂದಿಗೆ ಹೋಲಿಸಲು ಅದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಎಷ್ಟು ನಿಮಿಷ ಕೇಳಿದರೆಂಬ ಮಾಹಿತಿ ಇನ್ನೂ ಉತ್ತಮ. ಆಪಲ್ ಅದನ್ನು 2017ರ ಕೊನೆಯಿಂದಲೇ ಕೊಡುತ್ತಿದೆ, ತನ್ನ ಆಪ್‌ನಲ್ಲಿ ಕೇಳುವವರದ್ದನ್ನು ಮಾತ್ರ. ಐಫೋನ್ ಹಿಡಿದವರಿಂದ ಸಿಂದಗಿಯನ್ನು ಅಳೆಯಲು ಹೊರಟರೆ ಏನು ಸಿಕ್ಕೀತು? ಕನ್ನಡದ ಕಾರ್ಯಕ್ರಮಕ್ಕೆ ಹಣ ಹಾಕುವವರು, ಅದು ಖಾಸಗಿ ಕಂಪೆನಿಯಿರಲಿ, ಸರ್ಕಾರದ ಇಲಾಖೆಯಿರಲಿ, ಊರುವಾರು ಪಟ್ಟಿಯನ್ನು ಆಧಾರವಾಗಿ ಕೇಳುವುದನ್ನಾದರೂ ಬಿಡಬೇಕು. ಆ ಪಟ್ಟಿಯಿಂದ ತಾಲ್ಲೂಕು ಕಾಣುವುದಿಲ್ಲ. ಕಾಣದ ತಾಲ್ಲೂಕಿನ ಮಾತಿಗೆ ಹಣ ಬರುವುದಿಲ್ಲ, ಹಣವಿಲ್ಲದ ಕಾರ್ಯಕ್ರಮ ನಿಲ್ಲುತ್ತದೆ. ಆಮೇಲೆ ಅಲ್ಲಿ ಕೇಳುಗರೇ ಇಲ್ಲವೆಂಬ ಮಾತು ನಿಜವೂ ಆಗಿಬಿಡುತ್ತದೆ.

ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಅವರ ಗೆಳೆಯರು ಹೆಂಗಸರ ಹಾಡುಗಳನ್ನು ಸಂಗ್ರಹಿಸಿ, 1931ರಲ್ಲಿ ‘ಗರತಿಯ ಹಾಡು’ ಹೊರಬಂದಾಗಲೇ ಆ ಹಾಡುಗಳ ವಿಸ್ತಾರ ಓದುಬರಹದ ಕನ್ನಡಿಗರಿಗೆ ತಿಳಿದದ್ದು. ಹಾಡುವವರಿದ್ದಲ್ಲಿಗೆ ಹೋಗದೆ ಅದು ಆಗುವ ಕೆಲಸವಾಗಿರಲಿಲ್ಲ. ಕೇಳುಗರ ವಿಷಯದಲ್ಲಿಯೂ ಬೇರೆ ದಾರಿ ನನಗೆ ಕಾಣುವುದಿಲ್ಲ. ವಿಜಯಪುರದಲ್ಲಿಯೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಅಲ್ಲಿ ಪತ್ರಿಕೋದ್ಯಮ ಕಲಿಯುವವರಿದ್ದಾರೆ. ನಾಲ್ಕು ತಾಲ್ಲೂಕುಗಳ ಆಯ್ದ ಊರುಗಳಲ್ಲಿ ಮನೆಗಳಿಗೆ ಹೋಗಿ, ಕಳೆದ ವಾರ ಏನು ಕೇಳಿದಿರಿ, ಅದು ನಿಮ್ಮ ಕೈಗೆ ಎಲ್ಲಿಂದ ಬಂತು, ಕೇಳುವಾಗ ಜೊತೆಗೆ ಯಾರಿದ್ದರು, ಪೂರ್ತಿ ಕೇಳಿದಿರೋ ನಡುವೆ ಬಿಟ್ಟಿರೋ ಎಂದು ವಿಚಾರಿಸಲು ಭಾರಿ ಮೊತ್ತವೇನೂ ಬೇಕಾಗದು. ಹೆಂಗಸರನ್ನು ಬೇರೆಯಾಗಿ ಕೇಳಬೇಕು. ಫೋನ್ ಗಂಡಸಿನ ಹೆಸರಿನಲ್ಲಿದ್ದು ಅಡುಗೆಮನೆಯಲ್ಲಿ ನುಡಿಯುವುದು ಸಾಮಾನ್ಯ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೋದರೆ ಅರ್ಧ ಮನೆಗಳಿಗೆ ಬೀಗವಿದ್ದೀತು. ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ಹಬ್ಬಕ್ಕೆಂದು ಮರಳುವ ಯುಗಾದಿಯ ಆಸುಪಾಸು ಒಳ್ಳೆಯದು.